ನಕ್ಷೆಯ ಬಣ್ಣ, ನಿವೇಶನದ ಬೆಲೆ: ಸೋಮನಹಳ್ಳಿಯ ಜಮೀನಿಗೆ ವಲಯ ನಿಯಮದ ಲೆಕ್ಕ

ಮದ್ದೂರು: ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನಿಡಘಟ್ಟ ದಾಟಿ ಮದ್ದೂರಿನತ್ತ ಸಾಗುವಾಗ ಸಿಗುವ ಊರು ಸೋಮನಹಳ್ಳಿ. ಮಾಜಿ ಮುಖ್ಯಮಂತ್ರಿ ದಿವಂಗತ ಎಸ್.ಎಂ. ಕೃಷ್ಣ ಅವರ ಹುಟ್ಟೂರು ಎಂಬ ಕಾರಣಕ್ಕೆ ರಾಜ್ಯದ ಜನತೆಗೆ ಪರಿಚಿತವಾದ ಗ್ರಾಮವಿದು. ಈಗ ಈ ಊರಿನ ಹೆಸರು ಬೇರೊಂದು ಕಾರಣಕ್ಕೂ ಕೇಳಿಬರುತ್ತಿದೆ. ಮದ್ದೂರು ಪುರಸಭೆಯನ್ನು ನಗರಸಭೆಯಾಗಿ ಮೇಲ್ದರ್ಜೆಗೇರಿಸುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2025ರಲ್ಲಿ ಒಪ್ಪಿಗೆ ನೀಡಿತು. ಪಟ್ಟಣದ ಸುತ್ತಲಿನ ಸೋಮನಹಳ್ಳಿ, ಗೆಜ್ಜಲಗೆರೆ ಮೊದಲಾದ ಗ್ರಾಮ ಪಂಚಾಯಿತಿಗಳನ್ನು ಅದರೊಳಗೆ ಸೇರಿಸುವುದು ಈ ಪ್ರಸ್ತಾವದ ಮುಖ್ಯ ಅಂಶ. ಗೆಜ್ಜಲಗೆರೆಯ ಗ್ರಾಮಸ್ಥರು ಸೇರ್ಪಡೆಯನ್ನು ವಿರೋಧಿಸಿ ಬೀದಿಗಿಳಿದದ್ದೂ ಆಯಿತು.

ಊರು ನಗರವಾಗುತ್ತದೆ ಎಂಬ ಸುದ್ದಿ ಹಬ್ಬಿದೊಡನೆ ಜಮೀನಿನ ಬೆಲೆ ಏರುವುದು ಹೊಸದೇನಲ್ಲ. ಆದರೆ ನಗರಸಭೆಯ ಗಡಿಯೊಳಗೆ ಬಂದ ಮಾತ್ರಕ್ಕೆ ಕಬ್ಬಿನ ಗದ್ದೆ ನಿವೇಶನವಾಗುವುದಿಲ್ಲ. ಯಾವ ಜಮೀನಿನಲ್ಲಿ ಮನೆ ಕಟ್ಟಬಹುದು, ಎಲ್ಲಿ ಮಳಿಗೆ ತೆರೆಯಬಹುದು, ಎಲ್ಲಿ ಕಾರ್ಖಾನೆ ಸ್ಥಾಪಿಸಬಹುದು ಎಂಬುದನ್ನು ನಿರ್ಧರಿಸುವುದು ಯೋಜನಾ ಪ್ರಾಧಿಕಾರದ ನಕ್ಷೆ ಮತ್ತು ಅದಕ್ಕೆ ಹೊಂದಿಕೊಂಡ ವಲಯ ನಿಯಮಗಳು. ಗಡಿ ಬೇರೆ, ವಲಯ ಬೇರೆ. ಇವೆರಡರ ವ್ಯತ್ಯಾಸ ತಿಳಿಯದೆ ಜಮೀನು ಕೊಟ್ಟ ರೈತರೂ, ನಿವೇಶನ ಕೊಂಡ ಮಧ್ಯಮ ವರ್ಗದವರೂ ರಾಜ್ಯದ ಅನೇಕ ಊರುಗಳಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ.

ಹೆದ್ದಾರಿ ತಂದ ಬೇಡಿಕೆ

ಸೋಮನಹಳ್ಳಿಯ ಜಮೀನಿಗೆ ಬೇಡಿಕೆ ಹೆಚ್ಚಲು ಮೊದಲ ಕಾರಣ ರಸ್ತೆ. ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಉದ್ಘಾಟಿಸಿದರು. ಎರಡನೆಯ ಕಾರಣ ಕೈಗಾರಿಕೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕೈಗಾರಿಕಾ ಪ್ರದೇಶಗಳು ಸೋಮನಹಳ್ಳಿ ಮತ್ತು ಗೆಜ್ಜಲಗೆರೆಯಲ್ಲಿವೆ. ದುಡಿಯುವವರು ಬಂದಲ್ಲಿ ಬಾಡಿಗೆ ಮನೆಗೆ, ಅಂಗಡಿಗೆ, ಹೋಟೆಲಿಗೆ ಬೇಡಿಕೆ ಹುಟ್ಟುವುದು ಸಹಜ.

ಮೂರನೆಯದು ಕಾನೂನಿನಲ್ಲಾದ ಬದಲಾವಣೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ನಿರ್ಬಂಧಿಸಿದ್ದವು. 2020ರ ತಿದ್ದುಪಡಿ ಈ ಕಲಮುಗಳನ್ನು ಕೈಬಿಟ್ಟಿತು. ಅಂದಿನಿಂದ ಬೆಂಗಳೂರಿನ ಉದ್ಯೋಗಿಯೊಬ್ಬರು ಮದ್ದೂರು ತಾಲ್ಲೂಕಿನ ಹೊಲವನ್ನು ನೇರವಾಗಿ ಕೊಳ್ಳಲು ಅಡ್ಡಿಯಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬದಲಾದದ್ದು ಯಾರು ಕೊಳ್ಳಬಹುದು ಎಂಬ ನಿಯಮ ಮಾತ್ರ. ಕೊಂಡ ಜಮೀನನ್ನು ಯಾವುದಕ್ಕೆ ಬಳಸಬಹುದು ಎಂಬ ನಿಯಮ ಹಾಗೆಯೇ ಉಳಿದಿದೆ.

ಬಣ್ಣ ಹಚ್ಚುವವರು ಯಾರು?

ರಾಜ್ಯದಲ್ಲಿ ಭೂಬಳಕೆಯನ್ನು ನಿಯಂತ್ರಿಸುವ ಮೂಲ ಕಾನೂನು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961. ಪಟ್ಟಣ ಹಾಗೂ ಅದರ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಸರ್ಕಾರ ‘ಸ್ಥಳೀಯ ಯೋಜನಾ ಪ್ರದೇಶ’ವೆಂದು ಘೋಷಿಸುತ್ತದೆ. ಅದಕ್ಕೊಂದು ಯೋಜನಾ ಪ್ರಾಧಿಕಾರ ಇರುತ್ತದೆ. ದೊಡ್ಡ ನಗರಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವೇ ಈ ಹೊಣೆ ಹೊರುತ್ತದೆ. ಮಂಡ್ಯ ನಗರಕ್ಕೆ ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರವಿದೆ.

ಪ್ರಾಧಿಕಾರ ಸಿದ್ಧಪಡಿಸುವ ಮಹಾಯೋಜನೆಯಲ್ಲಿ, ಅಂದರೆ ಜನರ ಬಾಯಲ್ಲಿ ‘ಮಾಸ್ಟರ್ ಪ್ಲಾನ್’ ಅಥವಾ ‘ಸಿಡಿಪಿ’ ಎನಿಸಿಕೊಂಡಿರುವ ದಾಖಲೆಯಲ್ಲಿ, ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣವಿರುತ್ತದೆ. ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಸಾರ್ವಜನಿಕ ಹಾಗೂ ಅರೆ ಸಾರ್ವಜನಿಕ ಬಳಕೆಗೆ, ಹಸಿರು ಉದ್ಯಾನ ಮತ್ತು ಕೃಷಿಗೆ. ಹೀಗಾಗಿಯೇ ದಲ್ಲಾಳಿಗಳ ಮಾತಿನಲ್ಲಿ ‘ಯೆಲ್ಲೋ ಝೋನ್’, ‘ಗ್ರೀನ್ ಝೋನ್’ ಎಂಬ ಪದಗಳು ನಿತ್ಯ ಬಳಕೆಯಲ್ಲಿವೆ. ಪಕ್ಕಪಕ್ಕದ ಎರಡು ಜಮೀನುಗಳಿಗೆ ಒಂದೇ ಮಣ್ಣು, ಒಂದೇ ನಾಲೆಯ ನೀರು ಇದ್ದರೂ ಹಳದಿಯ ಬೆಲೆಗೂ ಹಸಿರಿನ ಬೆಲೆಗೂ ಹೋಲಿಕೆಯೇ ಇರುವುದಿಲ್ಲ.

ನಗರದ ಜಮೀನನ್ನು ಹೀಗೆ ಬಳಕೆಯ ಪ್ರಕಾರ ವಿಂಗಡಿಸುವ ಸರ್ಕಾರದ ಅಧಿಕಾರ ಪ್ರಶ್ನೆಗೊಳಗಾದದ್ದೂ ಉಂಟು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಅಂಚಿನಲ್ಲಿದ್ದ ಯೂಕ್ಲಿಡ್ ಎಂಬ ಗ್ರಾಮ ತನ್ನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿತು. ಅಲ್ಲಿ 68 ಎಕರೆ ಹೊಂದಿದ್ದ ರಿಯಲ್ ಎಸ್ಟೇಟ್ ಕಂಪನಿಯೊಂದು ತನ್ನ ಜಮೀನಿನ ಬೆಲೆ ಕುಸಿಯಿತೆಂದು ನ್ಯಾಯಾಲಯದ ಮೆಟ್ಟಿಲೇರಿತು. 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗ್ರಾಮದ ಪರವಾಗಿ ತೀರ್ಪು ನೀಡಿತು. ಬೆಳೆಯುವ ನಗರದ ಪಕ್ಕದ ಹಳ್ಳಿ, ಏರುವ ಬೆಲೆ, ಜಮೀನಿನ ಒಡೆಯನ ಹಕ್ಕು ಮತ್ತು ಊರಿನ ಹಿತ ಎಂಬ ಅಂದಿನ ಪ್ರಶ್ನೆಗಳೇ ಇಂದು ಮದ್ದೂರಿನ ಆಸುಪಾಸಿನಲ್ಲೂ ಎದುರಾಗಿವೆ.

ಮೂರು ಬೀಗ, ಮೂರು ಕೀಲಿ

ಕೃಷಿ ಜಮೀನು ಬಡಾವಣೆಯಾಗಬೇಕಾದರೆ ಮೂರು ಹಂತಗಳನ್ನು ದಾಟಬೇಕು. ಒಂದು ಹಂತ ಮುಗಿದರೆ ಉಳಿದೆರಡೂ ಮುಗಿದಂತೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ.

ಮೊದಲನೆಯದು ವಲಯ. ಜಮೀನು ಮಹಾಯೋಜನೆಯಲ್ಲಿ ವಸತಿ ವಲಯದಲ್ಲಿರಬೇಕು. ಇಲ್ಲವಾದರೆ ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂಬಳಕೆ ಬದಲಾವಣೆ ಪಡೆಯಬೇಕು. ಇದು ಮಾಲೀಕನ ಇಚ್ಛೆಗೆ ಬಿಟ್ಟ ವಿಷಯವಲ್ಲ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು, ಸರ್ಕಾರದ ಪೂರ್ವಾನುಮೋದನೆ ಇರಬೇಕು ಎನ್ನುತ್ತದೆ ಕಾನೂನು.

ಎರಡನೆಯದು ಭೂ ಪರಿವರ್ತನೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಲು ಜಿಲ್ಲಾಧಿಕಾರಿಯ ಅನುಮತಿ ಅಗತ್ಯ. ‘ಡಿಸಿ ಕನ್ವರ್ಷನ್’ ಎಂದು ಕರೆಯಲಾಗುವುದು ಇದನ್ನೇ. ಮಹಾಯೋಜನೆಗೆ ಅನುಗುಣವಾಗಿದ್ದಲ್ಲಿ ಪ್ರಮಾಣಪತ್ರ ಸಲ್ಲಿಸಿ ತ್ವರಿತವಾಗಿ ಪರಿವರ್ತನೆ ಪಡೆಯುವ ವ್ಯವಸ್ಥೆಯನ್ನು 2022ರ ತಿದ್ದುಪಡಿ ಜಾರಿಗೆ ತಂದಿತು. ಅಂದರೆ ಪರಿವರ್ತನೆ ಸುಲಭವಾದಷ್ಟೂ ನಕ್ಷೆಯ ಬಣ್ಣಕ್ಕೆ ಬೆಲೆ ಹೆಚ್ಚಿದೆ.

ಮೂರನೆಯದು ಬಡಾವಣೆ ನಕ್ಷೆಗೆ ಅನುಮೋದನೆ. ಜಮೀನನ್ನು ನಿವೇಶನಗಳಾಗಿ ವಿಂಗಡಿಸಲು ಯೋಜನಾ ಕಾಯ್ದೆಯ 17ನೇ ಕಲಮಿನಡಿ ಪ್ರಾಧಿಕಾರದ ಒಪ್ಪಿಗೆ ಬೇಕು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಸ್ಥಳೀಯ ಸಂಸ್ಥೆ ಅಥವಾ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಚರಂಡಿ, ನೀರು, ವಿದ್ಯುತ್ ಕಾಮಗಾರಿ ಮುಗಿದಂತೆ ನಿವೇಶನಗಳು ಹಂತ ಹಂತವಾಗಿ ಮಾರಾಟಕ್ಕೆ ಬಿಡುಗಡೆಯಾಗುತ್ತವೆ.

ಪರಿವರ್ತನೆ ಆದೇಶದ ಪ್ರತಿಯೊಂದನ್ನೇ ತೋರಿಸಿ ‘ಎಲ್ಲ ದಾಖಲೆ ಸರಿಯಿದೆ’ ಎನ್ನುವ ಮಾರಾಟಗಾರ ಮೂರನೆಯ ಹಂತವನ್ನು ಮರೆಮಾಚುತ್ತಿರಬಹುದು. ಹೀಗೆ ಅನುಮೋದನೆಯಿಲ್ಲದೆ ವಿಂಗಡಿಸಿ ಮಾರಿದವುಗಳೇ ‘ರೆವಿನ್ಯೂ ನಿವೇಶನ’ಗಳು.

ಒಂದು ಎಕರೆಯ ಲೆಕ್ಕ

ನಿಯಮ ಮೀರುವ ಆಮಿಷ ಎಲ್ಲಿದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಟ್ಟು ಶೇ 55ರಷ್ಟು ಮಾತ್ರ ನಿವೇಶನಕ್ಕೆ ಉಳಿಯಿತು ಎಂದುಕೊಳ್ಳೋಣ. ಆಗ ಮಾರಾಟಕ್ಕೆ ಸಿಗುವುದು 22 ಗುಂಟೆ. ಅದರಲ್ಲಿ 30x40 ಅಳತೆಯ ಸುಮಾರು 20 ನಿವೇಶನಗಳಾಗುತ್ತವೆ.

ಅದೇ ಎಕರೆಯಲ್ಲಿ ಕಿರಿದಾದ ರಸ್ತೆಯನ್ನಷ್ಟೇ ಬಿಟ್ಟು, ಉದ್ಯಾನವನ್ನೂ ಸೌಲಭ್ಯದ ಜಾಗವನ್ನೂ ಕೈಬಿಟ್ಟು ಶೇ 80ರಷ್ಟನ್ನು ಮಾರಿದರೆ 29 ನಿವೇಶನಗಳಾಗುತ್ತವೆ. ನಿವೇಶನವೊಂದಕ್ಕೆ 10 ಲಕ್ಷ ರೂಪಾಯಿ ಎಂದರೂ 9 ನಿವೇಶನಗಳಿಂದ 90 ಲಕ್ಷ ರೂಪಾಯಿ ಹೆಚ್ಚುವರಿ. ಶುಲ್ಕವಿಲ್ಲ, ಚರಂಡಿಯ ಖರ್ಚಿಲ್ಲ, ಅನುಮತಿಗೆ ಕಾಯುವ ತಿಂಗಳುಗಳೂ ಇಲ್ಲ. ಈ ಹಣ ಆಕಾಶದಿಂದ ಉದುರಿದ್ದಲ್ಲ. ಮಕ್ಕಳ ಆಟದ ಜಾಗ, ಅಂಬುಲೆನ್ಸ್ ಬರಬಹುದಾದ ರಸ್ತೆ, ಮಳೆ ನೀರು ಹರಿಯುವ ಚರಂಡಿ ಇವುಗಳೇ 9 ನಿವೇಶನಗಳಾಗಿ ಮಾರಾಟವಾಗಿವೆ. ಮುಂದೆ ಅವನ್ನು ಒದಗಿಸುವ ಹೊರೆ ನಗರಸಭೆಯ ಮೇಲೆ, ಅಂದರೆ ತೆರಿಗೆದಾರನ ಮೇಲೆ ಬೀಳುತ್ತದೆ.

ನಿಯಮ ಪಾಲಿಸುವ ಅಭಿವೃದ್ಧಿದಾರನ ಕಷ್ಟವೂ ಕಡಿಮೆಯಲ್ಲ. ಸಾಲ ಮಾಡಿ ಜಮೀನಿಗೆ ಮುಂಗಡ ಕೊಟ್ಟವನಿಗೆ ಅನುಮತಿ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಆ ಬಡ್ಡಿ ಕೊನೆಗೆ ನಿವೇಶನದ ಬೆಲೆಗೇ ಸೇರುತ್ತದೆ. ಕಾನೂನುಬದ್ಧ ನಿವೇಶನ ದುಬಾರಿಯಾಗಿ, ಅಕ್ರಮ ನಿವೇಶನ ಅಗ್ಗವಾಗಿ ಕಾಣುವುದು ಹೀಗೆ.

ಕಟ್ಟಡಕ್ಕೂ ಮಿತಿ

ವಲಯ ನಿಯಮಗಳು ಬಳಕೆಯನ್ನು ಹೇಳಿ ಸುಮ್ಮನಾಗುವುದಿಲ್ಲ. ಎಷ್ಟು ಕಟ್ಟಬಹುದು ಎಂಬುದನ್ನೂ ಹೇಳುತ್ತವೆ. ನಿವೇಶನದ ವಿಸ್ತೀರ್ಣಕ್ಕೂ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ಇರಬೇಕಾದ ಅನುಪಾತವನ್ನು ‘ಎಫ್‌ಎಆರ್’ ಎನ್ನುತ್ತಾರೆ. ಈ ಅನುಪಾತ 1.75 ಇದ್ದರೆ 1,200 ಚದರ ಅಡಿಯ ನಿವೇಶನದಲ್ಲಿ ಒಟ್ಟು 2,100 ಚದರ ಅಡಿ ಕಟ್ಟಬಹುದು. ಎದುರಿನ ರಸ್ತೆ ಅಗಲವಾದಷ್ಟೂ ಅನುಪಾತ ಹೆಚ್ಚುತ್ತದೆ. ಅಪಾರ್ಟ್‌ಮೆಂಟ್ ಕಟ್ಟುವವರು ಅಗಲ ರಸ್ತೆಯ ಜಮೀನನ್ನೇ ಹುಡುಕುವುದು ಇದೇ ಕಾರಣಕ್ಕೆ.

ಹೆದ್ದಾರಿಯ ಅಂಚಿನ ಜಮೀನಿಗೆ ಇನ್ನಷ್ಟು ಕಟ್ಟುಪಾಡುಗಳಿವೆ. ರಾಷ್ಟ್ರೀಯ ಹೆದ್ದಾರಿಯ ಮಧ್ಯರೇಖೆಯಿಂದ ಸಾಮಾನ್ಯವಾಗಿ 40 ಮೀಟರ್ ಒಳಗೆ ಕಟ್ಟಡ ನಿರ್ಮಿಸುವಂತಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳು ಪ್ರವೇಶ ನಿಯಂತ್ರಿತವಾಗಿವೆ. ದ್ವಿಚಕ್ರ ವಾಹನಗಳಿಗೆ, ಆಟೊಗಳಿಗೆ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಅಲ್ಲಿ ನಿಷೇಧವಿದೆ. ಆದ್ದರಿಂದ ‘ಎಕ್ಸ್‌ಪ್ರೆಸ್‌ವೇಗೆ ಹೊಂದಿಕೊಂಡ ನಿವೇಶನ’ ಎಂಬ ಜಾಹೀರಾತನ್ನು ಓದುವಾಗ ಹೆದ್ದಾರಿ ಕಣ್ಣಿಗೆ ಕಾಣುತ್ತದೆಯೇ ಅಥವಾ ಸರ್ವಿಸ್ ರಸ್ತೆಯಿಂದ ಜಮೀನಿಗೆ ಅಧಿಕೃತ ದಾರಿ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಕೈಗಾರಿಕಾ ಪ್ರದೇಶದ ಕತೆಯೂ ಬೇರೆ. ಕೆಐಎಡಿಬಿ ತನ್ನ ಪ್ರದೇಶದೊಳಗಿನ ಕಟ್ಟಡ ನಕ್ಷೆಗಳಿಗೆ ತಾನೇ ಅನುಮೋದನೆ ನೀಡುತ್ತದೆ. ಅದರ ಬೇಲಿಯಾಚೆಗಿನ ಜಮೀನು ಯೋಜನಾ ಪ್ರಾಧಿಕಾರಕ್ಕೆ ಸೇರಿದ್ದು. ಕಾರ್ಖಾನೆಯ ಪಕ್ಕದಲ್ಲೇ ವಸತಿ ಬಡಾವಣೆ ಎದ್ದರೆ ಹೊಗೆ, ಸದ್ದು, ತ್ಯಾಜ್ಯ ನೀರಿನ ತಕರಾರು ತಪ್ಪಿದ್ದಲ್ಲ. ಇಂತಹ ತಕರಾರು ಹುಟ್ಟದಂತೆ ನೋಡಿಕೊಳ್ಳುವುದೇ ವಲಯ ವಿಂಗಡಣೆಯ ಮೂಲ ಉದ್ದೇಶ.

ನಗರಸಭೆ ಬಂದರೆ ಏನು ಬದಲಾಗುತ್ತದೆ?

ಗ್ರಾಮ ಪಂಚಾಯಿತಿ ನಗರಸಭೆಯಲ್ಲಿ ವಿಲೀನಗೊಂಡರೆ ಆಸ್ತಿ ತೆರಿಗೆ, ಖಾತೆ, ಕಟ್ಟಡ ಪರವಾನಗಿ, ಬೀದಿ ದೀಪ, ಕಸ ವಿಲೇವಾರಿಯ ಹೊಣೆ ನಗರಸಭೆಗೆ ಹೋಗುತ್ತದೆ. ಗ್ರಾಮೀಣ ಪ್ರದೇಶಕ್ಕೆಂದೇ ಇರುವ ಯೋಜನೆಗಳ ಸೌಲಭ್ಯ ಮುಂದುವರಿಯುವುದಿಲ್ಲ. ಆದರೆ ಮಹಾಯೋಜನೆಯ ನಕ್ಷೆಯಲ್ಲಿ ಹಸಿರಾಗಿದ್ದ ಸರ್ವೆ ನಂಬರು ಅಂದೇ ಹಳದಿಯಾಗುವುದಿಲ್ಲ. ಅದಕ್ಕೆ ಮಹಾಯೋಜನೆಯ ಪರಿಷ್ಕರಣೆ ಅಥವಾ 14ಎ ಕಲಮಿನ ಪ್ರಕ್ರಿಯೆ ನಡೆಯಲೇಬೇಕು.

ಪಂಚಾಯಿತಿ ಕಾಲದ ದಾಖಲೆಗಳ ಪ್ರಶ್ನೆಯೂ ಇದೆ. ಗ್ರಾಮ ಪಂಚಾಯಿತಿಯ ಮುದ್ರೆ ಬಿದ್ದ ಬಡಾವಣೆ ನಕ್ಷೆಯನ್ನು ನಂಬಿ ನಿವೇಶನ ಕೊಂಡವರು ರಾಜ್ಯದಲ್ಲಿ ಬಹಳ ಮಂದಿ. ಬಡಾವಣೆ ನಕ್ಷೆಗೆ ತಾನೇ ಸ್ವತಂತ್ರವಾಗಿ ಅನುಮೋದನೆ ನೀಡುವ ಅಧಿಕಾರ ಪಂಚಾಯಿತಿಗಿಲ್ಲ. ಯೋಜನಾ ಪ್ರಾಧಿಕಾರದ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಒಪ್ಪಿಗೆ ಅದರ ಹಿಂದಿರಬೇಕು. 2013ರಿಂದ ‘ಇ-ಸ್ವತ್ತು’ ತಂತ್ರಾಂಶ ಬಂದ ಬಳಿಕ ಪಂಚಾಯಿತಿ ಆಸ್ತಿಗಳ ನೋಂದಣಿಗೆ ಗಣಕೀಕೃತ ನಮೂನೆಗಳು ಬೇಕಾದವು. ಅಧಿಕೃತ ಆಸ್ತಿಗೆ ನಮೂನೆ 9 ಮತ್ತು 11ಎ, ಇತರ ಆಸ್ತಿಗೆ ನಮೂನೆ 11ಬಿ ಎಂಬ ವಿಂಗಡಣೆ ಅಂದಿನದು.

ನಗರಗಳಲ್ಲಿ ಇದಕ್ಕೆ ಸಮನಾದದ್ದು ‘ಬಿ’ ಖಾತೆ. ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ನೀಡುವ ಆಂದೋಲನವನ್ನು ರಾಜ್ಯ ಸರ್ಕಾರ 2025ರಲ್ಲಿ ಆರಂಭಿಸಿತು. ತೆರಿಗೆ ವಸೂಲಿಗೆ ಇದರಿಂದ ಅನುಕೂಲ. ಆದರೆ ಬಿ-ಖಾತೆ ಎಂಬುದು ಆಸ್ತಿಯ ಲೆಕ್ಕವಿಡುವ ದಾಖಲೆಯೇ ಹೊರತು ವಲಯ ಉಲ್ಲಂಘನೆಗೆ ಕ್ಷಮೆಯಲ್ಲ.

ಸಕ್ರಮದ ಭರವಸೆ

‘ಇಂದಲ್ಲ ನಾಳೆ ಸಕ್ರಮವಾಗುತ್ತದೆ’ ಎಂಬ ಮಾತು ರೆವಿನ್ಯೂ ನಿವೇಶನಗಳ ಮಾರಾಟದಲ್ಲಿ ಪದೇ ಪದೇ ಕೇಳಿಬರುತ್ತದೆ. ಅಕ್ರಮ-ಸಕ್ರಮ ಯೋಜನೆಯ ಇತಿಹಾಸ ಈ ಭರವಸೆಗೆ ಅಷ್ಟೇನೂ ಆಧಾರ ಒದಗಿಸುವುದಿಲ್ಲ. ಯೋಜನಾ ಕಾಯ್ದೆಗೆ 76ಎಫ್‌ಎಫ್ ಕಲಮನ್ನು ಸೇರಿಸಿದ್ದು 2007ರಲ್ಲಿ. ನಿಯಮಗಳು ರೂಪುಗೊಂಡದ್ದು 2014ರಲ್ಲಿ. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಯೋಜನೆಯನ್ನು ಎತ್ತಿಹಿಡಿಯಿತಾದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಸಕ್ರಮವಾಗುವ ನಿರೀಕ್ಷೆಯಲ್ಲಿ ಮನೆ ಕಟ್ಟಿದವರ ಮಕ್ಕಳು ಕಾಲೇಜು ಸೇರುವಷ್ಟು ಕಾಲ ಇದರಲ್ಲೇ ಕಳೆದುಹೋಯಿತು. ಇಂತಹ ನಿವೇಶನಕ್ಕೆ ಬ್ಯಾಂಕ್ ಸಾಲ ದೊರೆಯುವುದು ಕಷ್ಟ, ಮರುಮಾರಾಟದಲ್ಲಿ ಬೆಲೆ ಸಿಗುವುದು ಇನ್ನೂ ಕಷ್ಟ.

ಯೋಜನೆ ತಡವಾದರೂ ಇದೇ ಫಲ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯ 13ಡಿ ಕಲಮು ಹೇಳುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಯೋಜನೆ ಜಾರಿಗೆ ಬಂದದ್ದು 2007ರಲ್ಲಿ. ಅದರ ಮುಂದಿನ 2031ರ ಕರಡು 2017ರಲ್ಲಿ ಪ್ರಕಟವಾಗಿ 2020ರಲ್ಲಿ ಹಿಂದಕ್ಕೆ ಹೋಯಿತು. ರಾಜಧಾನಿಯ ಗತಿಯೇ ಹೀಗಿರುವಾಗ ಸಣ್ಣ ಪಟ್ಟಣಗಳು ಎಚ್ಚರ ವಹಿಸಬೇಕಾದ ಅಗತ್ಯ ಹೆಚ್ಚು. ನಕ್ಷೆ ಬರುವ ಮೊದಲೇ ಬಡಾವಣೆಗಳು ಎದ್ದುಬಿಟ್ಟರೆ ಯೋಜನೆಗೆ ಉಳಿಯುವುದು ಆಗಿಹೋದದ್ದಕ್ಕೆ ಬಣ್ಣ ಹಚ್ಚುವ ಕೆಲಸ ಮಾತ್ರ.

ರೈತನ ಪಾಲು

ಮದ್ದೂರು ಸೀಮೆ ನೀರಾವರಿಯ ನಾಡು. ಶಿಂಷಾ ನದಿ ಇಲ್ಲಿ ಹರಿಯುತ್ತದೆ. ಕಬ್ಬು, ಭತ್ತ, ರೇಷ್ಮೆ, ತೆಂಗು ಇಲ್ಲಿನ ಬದುಕು. ಮದ್ದೂರಿನ ಎಳನೀರು ಮಾರುಕಟ್ಟೆ ಹೊರರಾಜ್ಯಗಳಿಗೂ ಎಳನೀರು ಕಳುಹಿಸುತ್ತದೆ. ಇಂತಹ ಜಮೀನಿಗೆ ಹಸಿರು ಬಣ್ಣ ಹಚ್ಚಿದರೆ ಬೆಳೆ ಉಳಿಯುತ್ತದೆ, ಆದರೆ ರೈತನ ಕೈಗೆ ಬರುವ ಮಾರಾಟ ಬೆಲೆ ಕುಗ್ಗುತ್ತದೆ. ಹಳದಿ ಹಚ್ಚಿದರೆ ಒಂದು ತಲೆಮಾರಿಗೆ ದೊಡ್ಡ ಮೊತ್ತ ಸಿಗುತ್ತದೆ, ಜಮೀನು ಮತ್ತೆ ಬರುವುದಿಲ್ಲ. ನೆರೆಯವನ ಗದ್ದೆ ಹಳದಿಯಾಗಿ ತನ್ನದು ಹಸಿರಾಗಿ ಉಳಿದರೆ ರೈತನಿಗೆ ಅದು ಅನ್ಯಾಯವೆನಿಸುವುದು ಸಹಜ. ಹಸಿರು ವಲಯದ ರೈತನಿಗೆ ಈ ನಷ್ಟ ತುಂಬಿಕೊಡುವ ಏರ್ಪಾಡು ವಲಯ ನಿಯಮಗಳಲ್ಲಿಲ್ಲ.

ಬಡಾವಣೆಗೆ ಜಮೀನು ಕೊಡುವ ರೈತರು ಈಗೀಗ ನೇರ ಮಾರಾಟದ ಬದಲು ಜಂಟಿ ಅಭಿವೃದ್ಧಿ ಕರಾರಿಗೆ ಸಹಿ ಹಾಕುವುದುಂಟು. ಅಭಿವೃದ್ಧಿಯಾದ ನಿವೇಶನಗಳಲ್ಲಿ ಇಂತಿಷ್ಟು ಪಾಲು ರೈತನಿಗೆ ಎಂಬುದು ಅದರ ತಿರುಳು. ವಲಯ ಬದಲಾವಣೆ ದೊರೆಯದಿದ್ದರೆ ಕರಾರು ಎಷ್ಟು ಕಾಲ ಬಂಧಿಸುತ್ತದೆ, ಅಲ್ಲಿಯವರೆಗೆ ಉಳುಮೆ ಯಾರದು, ಅಧಿಕಾರ ಪತ್ರವನ್ನು ಹಿಂಪಡೆಯಬಹುದೇ ಎಂಬುದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳದಿದ್ದರೆ ಬೆಳೆಯೂ ಇಲ್ಲದೆ ನಿವೇಶನವೂ ಇಲ್ಲದೆ ಜಮೀನು ವರ್ಷಗಟ್ಟಲೆ ಬೀಳು ಬೀಳುವ ಅಪಾಯವಿದೆ.

ಕೊಳ್ಳುವ ಮುನ್ನ

* ಸರ್ವೆ ನಂಬರು ಹಿಡಿದು ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ವಲಯ ದೃಢೀಕರಣ ಪಡೆಯಬೇಕು. ಮಾರಾಟಗಾರ ತೋರಿಸುವ ಬಣ್ಣದ ಜೆರಾಕ್ಸ್ ಸಾಲದು.

* ಪರಿವರ್ತನೆ ಆದೇಶ ಯಾವ ಉದ್ದೇಶಕ್ಕೆ ಎಂದು ಓದಬೇಕು. ಕೈಗಾರಿಕೆಗೆಂದು ಪರಿವರ್ತಿಸಿದ ಜಮೀನಿನಲ್ಲಿ ಮನೆ ಕಟ್ಟುವಂತಿಲ್ಲ.

* ಬಡಾವಣೆಯ ಅನುಮೋದಿತ ನಕ್ಷೆ ಮತ್ತು ನಿವೇಶನ ಬಿಡುಗಡೆ ಪತ್ರದಲ್ಲಿ ತಾವು ಕೊಳ್ಳುವ ನಿವೇಶನದ ಸಂಖ್ಯೆ ಇದೆಯೇ ಎಂದು ನೋಡಬೇಕು.

* ರೇರಾ ಕಾಯ್ದೆ 2016ರ ಪ್ರಕಾರ ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್ ಮೀರಿದ, ಅಂದರೆ ಸುಮಾರು 5 ಗುಂಟೆಗಿಂತ ದೊಡ್ಡದಾದ ಬಡಾವಣೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ನೀಡುವಂತಿಲ್ಲ. ನೋಂದಣಿ ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಪರಿಶೀಲಿಸಬಹುದು.

* ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದೇ ಎಂದು ಮೂಲ ದಾಖಲೆ ನೋಡಬೇಕು. 1978ರ ಪರಭಾರೆ ನಿಷೇಧ ಕಾಯ್ದೆಯಡಿ ಅನುಮತಿಯಿಲ್ಲದ ಮಾರಾಟ ಅಸಿಂಧು.

* ಕ್ರಯಪತ್ರ ನೋಂದಣಿಯಾಯಿತು ಎಂದರೆ ವ್ಯವಹಾರ ದಾಖಲಾಯಿತು ಎಂದಷ್ಟೇ ಅರ್ಥ. ಕಟ್ಟಲು ಅನುಮತಿ ದೊರೆಯಿತು ಎಂದಲ್ಲ.

ಕರಡು ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆ ಮತ್ತು ಸಲಹೆ ನೀಡಲು ಸಾರ್ವಜನಿಕರಿಗೆ 60 ದಿನಗಳ ಅವಕಾಶವಿರುತ್ತದೆ. ತನ್ನ ಸರ್ವೆ ನಂಬರಿಗೆ ಯಾವ ಬಣ್ಣ ಬಿದ್ದಿದೆ, ಕೆರೆ-ಹಳ್ಳದ ಅಂಚು ಎಲ್ಲಿಗೆ ನಿಂತಿದೆ, ಹೊಸ ರಸ್ತೆ ಯಾರ ಮನೆಯ ಮೇಲೆ ಹಾದಿದೆ ಎಂಬುದನ್ನು ಪ್ರಶ್ನಿಸಲು ಊರಿಗೆ ಸಿಗುವ ಮುಖ್ಯ ಅವಕಾಶ ಅದೇ. ಅಂತಿಮ ನಕ್ಷೆ ಮಂಜೂರಾದ ಮೇಲೆ ಒಂದು ಸರ್ವೆ ನಂಬರಿನ ಬಣ್ಣ ಬದಲಾಯಿಸಲೂ ಸರ್ಕಾರದ ತನಕ ಹೋಗಬೇಕು. ಜಮೀನಿಗೆ ಗಿರಾಕಿಗಳನ್ನು ಕರೆತರುವ ದಲ್ಲಾಳಿಗಳು ಕರಡು ನಕ್ಷೆಯನ್ನು ಮೊದಲ ದಿನವೇ ನೋಡಿರುತ್ತಾರೆ. ಸೋಮನಹಳ್ಳಿಯಂತಹ ಊರುಗಳಲ್ಲಿ ಆ ನಕ್ಷೆ ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ತೂಗುವಂತಾದರೆ, ಜಮೀನು ಕೊಡುವವರಿಗೂ ಕೊಳ್ಳುವವರಿಗೂ ಅಷ್ಟರಮಟ್ಟಿಗೆ ಮೋಸ ತಪ್ಪುತ್ತದೆ.